ಗಂಗವ್ವ ಅಳಲಿಲ್ಲ

ಅಕ್ಕೋರೆ, ನಿಮ್ಮ ನೆನಪು ಕೆಟ್ಟಿರಲಿಲ್ಲ. ನಿಮ್ಮ ಕಾದಂಬರಿಯ ಒಂದು ಅಧ್ಯಾಯವನ್ನು ಕಳೆದವನು ನಾನು. ಕಳೆದ ಜಾಗದಲ್ಲಿ ನನ್ನ ಬರಹ ತುಂಬಿ, ಅದು ನೀವು ಹೇಳಿದ್ದೇ ಎಂದು ನಿಮ್ಮೆದುರೇ ಸಾಧಿಸಿದವನೂ ನಾನೇ. ಐದು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದೇನೆ.

ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವನು. ನಿಪ್ಪಾಣಿಯ ಛಾಪಖಾನೆಯಲ್ಲಿ ಹದಿನೆಂಟು ವರ್ಷ ಅಚ್ಚಿನ ಮೊಳೆ ಜೋಡಿಸಿದೆ. ಕಂಪ್ಯೂಟರ್ ಬಂದಾಗ ಕಾಲೇಜು ಓದಿದವರಿಗಿಂತ ಮೊದಲು ಕಲಿತು ಸ್ವಂತ ಅಂಗಡಿ ಹಾಕಿದೆ. ನನ್ನ ಕೈ ತಪ್ಪುವುದಿಲ್ಲ ಎಂಬ ಸೊಕ್ಕು — ಅದೊಂದೇ ನನ್ನ ಡಿಗ್ರಿ.

ನಲವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ನೀವು, ಕಣ್ಣು ಹೋದ ಮೇಲೆ, ಪ್ರತಿ ಗುರುವಾರ ಸೊಸೆಯ ಕೈ ಹಿಡಿದು ಯಡೂರಿನಿಂದ ಬರುತ್ತಿದ್ದಿರಿ. ನೀವು ಹೇಳುವುದು, ನಾನು ಕೀಲಿ ಒತ್ತುವುದು. ಕಾಗದದ ಮೇಲೆ ಏನೂ ಇರಲಿಲ್ಲ. ಒಂದು ವಾರ ಮೂರನೇ ಅಧ್ಯಾಯದ ತುಂಡು, ಇನ್ನೊಂದು ವಾರ ಹತ್ತನೆಯದು — ನಿಮಗೆ ಕಥೆ ಹಾಗೇ ಬರುತ್ತಿತ್ತು. ಅದಕ್ಕೆಂದೇ ಪುಣೆಯಿಂದ ಒಂದು ಪ್ರೋಗ್ರಾಂ ತರಿಸಿದೆ, ಕಾದಂಬರಿ ಬರೆಯುವವರಿಗಾಗಿಯೇ ಮಾಡಿದ್ದು. ಎಡಕ್ಕೆ ಅಧ್ಯಾಯಗಳ ಪಟ್ಟಿ, ಬಲಕ್ಕೆ ಬರಹ, ಒಂದೊಂದು ಪಾತ್ರಕ್ಕೂ ಒಂದೊಂದು ಚೀಟಿ. ಹೇಗಿದೆ ಎಂದು ವಿವರಿಸಿದಾಗ ನೀವು ನಕ್ಕಿರಿ: “ನನ್ನ ತಲಿಯಂಗ ಐತಿ ಬಿಡಪಾ.”

“ನಿಮ್ಮ ತಲಿಗಿಂತ ಸ್ವಚ್ಛ ಐತ್ರಿ” ಎಂದೆ. ಚೇಷ್ಟೆಗೆ ಅಂದದ್ದು. ಆದರೂ ಒಳಗೊಳಗೇ ಅದನ್ನು ನಂಬಿದ್ದೆ.

ಒಂದು ಮಧ್ಯಾಹ್ನ ಪಟ್ಟಿಯಲ್ಲಿ ‘ಗಂಡ ಬಂದದ್ದು’ ಎಂಬ ಹೆಸರು ಎರಡು ಕಡೆ ಕಂಡಿತು. ಛಾಪಖಾನೆಯಲ್ಲಿ ಒಂದೇ ಭಾಗ ಎರಡು ಸಲ ಜೋಡಿಸಿದ್ದರೆ ಒಂದನ್ನು ಕಿತ್ತು, ಮೊಳೆಗಳನ್ನು ಅವುಗಳ ಖಾನೆಗೆ ಹಾಕಬೇಕು. ಇನ್ನೊಂದು ಗಟ್ಟಿಯಾಗಿ ಎದುರಿಗೇ ಇರುತ್ತದೆ. ಕೈಗೆ ಆ ರೂಢಿ. ಎರಡು ಹೆಸರಿದ್ದರೆ ಎರಡು ಪ್ರತಿ ಇರಬೇಕೆಂದು ಒಂದನ್ನು ತೆಗೆದೆ. ಆದರೆ ಆ ಪ್ರೋಗ್ರಾಂ ಒಂದೇ ಬರಹವನ್ನು ಎರಡು ಕಡೆ ತೋರಿಸುತ್ತಿತ್ತು; ಎರಡೂ ಹೆಸರಿನ ಹಿಂದೆ ಇದ್ದ ಬರಹ ಒಂದೇ. ಅದು ಹೋಯಿತು. ಫ್ಲಾಪಿಯಲ್ಲೂ ಇಟ್ಟಿರಲಿಲ್ಲ — ತಪ್ಪದ ಕೈಗೆ ಫ್ಲಾಪಿ ಯಾಕೆ?

‘ತಪ್ಪಾತ್ರಿ, ಮತ್ತೊಮ್ಮೆ ಹೇಳ್ರಿ’ ಎಂದಿದ್ದರೆ ಸಾಕಿತ್ತು. ಬಾಯಿ ಬರಲಿಲ್ಲ. ಮೂರು ದಿನ ಕೂತು ನೆನಪಿದ್ದಷ್ಟು ಬರೆದೆ, ಇಲ್ಲದ್ದನ್ನು ಕಟ್ಟಿದೆ. ಆ ಅಧ್ಯಾಯ ಇಷ್ಟು: ತಂಬಾಕಿನ ವಖಾರಿಯಲ್ಲಿ ದುಡಿಯುವ ಗಂಗವ್ವ. ಬಿಟ್ಟುಹೋದ ಗಂಡ ಹನ್ನೊಂದು ವರ್ಷದ ಮೇಲೆ ಬಾಗಿಲಿಗೆ ಬಂದಿದ್ದಾನೆ. ನಾನು ಬರೆದ ಗಂಗವ್ವ ಅವನ ಕಾಲು ಹಿಡಿದು ಅತ್ತಳು.

ಗುರುವಾರ ಓದಿದೆ. ನೀವು ಕೈ ಎತ್ತಿದಿರಿ.

“ತಡಿ. ಗಂಗವ್ವ ಅಳೂದಿಲ್ಲ. ಒಂದು ತಂಬಿಗಿ ನೀರ ಕೊಟ್ಟ ಬಾಗಲಾ ಹಾಕ್ಕೋತಾಳ. ನಾ ಹಂಗ ಹೇಳೀನಿ.”

“ಇಲ್ರಿ ಅಕ್ಕೋರ. ಅತ್ತಳು ಅಂತ ನೀವ ಹೇಳಿದ್ರಿ.”

“ನಾನ?”

“ಹೌದ್ರಿ. ಮಶೀನ್ ಸುಳ್ಳ ಹೇಳತೈತೇನ್ರಿ? ಮರ್ತೀರಿ ನೀವು.”

ನಿಮ್ಮ ಸೊಸೆ ನಕ್ಕಳು: “ಅತ್ತಿ, ಮುಂಜಾನೆ ಗುಳಿಗಿ ತಗೊಂಡೇನೋ ಇಲ್ಲೋ ಅಂತ ಎರಡ ಸಲ ಕೇಳಿದ್ರಿ ನೋಡ್ರಿ!”

ನೀವು ಮೇಜಿನ ಅಂಚನ್ನು ಬೆರಳಿಂದ ಸವರುತ್ತ ಕೂತಿರಿ. ನನ್ನ ಎದೆ ಬಡಿದುಕೊಳ್ಳುವುದು ನಿಮಗೆ ಕೇಳಿಸೀತೆಂದು ಫ್ಯಾನು ಜೋರು ಮಾಡಿದೆ. ಆಮೇಲೆ ಸಣ್ಣ ದನಿಯಲ್ಲಿ ಅಂದಿರಿ: “ಹಂಗಿದ್ರ ಇರಲಿ.”

ಮುಂದಿನ ಮೂರು ಗುರುವಾರ, ಒಂದೊಂದು ವಾಕ್ಯಕ್ಕೂ “ಇದನ್ನ ಮೊದಲ ಹೇಳೀನೇನು?” ಎಂದು ಕೇಳಿದಿರಿ. ನಾಲ್ಕನೆಯ ವಾರ ಬರಲಿಲ್ಲ. ಸಂತೆಯಲ್ಲಿ ಸಿಕ್ಕ ಸೊಸೆ ಹೇಳಿದಳು: “ಬರಿಯೂದ ಬಿಟ್ಟಾರ್ರಿ. ಒಲಿ ಹತ್ರಾನೂ ಹೋಗಂಗಿಲ್ಲ. ‘ನನ್ನ ತಲಿ ಮ್ಯಾಲ ನನಗ ನಂಬಿಗಿಲ್ಲ’ ಅಂತಾರ.” ನಾನು ತಲೆಯಾಡಿಸಿದೆ. ಬರೀ ತಲೆಯಾಡಿಸಿದೆ, ಅಕ್ಕೋರೆ —

ನೀವು ಇದನ್ನು ಓದಲಾರಿರಿ. ಬೇರೆಯವರ ಬಾಯಿಂದ ಓದಿಸಿದರೆ ಅದೂ ನನ್ನ ಹೇಡಿತನ. ನಾಳೆ ಮುಂಜಾನೆ ಯಡೂರಿಗೆ ನಾನೇ ಬಂದು ಓದುತ್ತೇನೆ. ಸೊಸೆಯನ್ನೂ ಪಕ್ಕಕ್ಕೆ ಕೂಡ್ರಿಸಿಕೊಳ್ಳಿ. ಮರೆತವರು ನೀವಲ್ಲ ಎಂಬುದನ್ನು ಅವಳೂ ನನ್ನ ಬಾಯಿಂದಲೇ ಕೇಳಬೇಕು.