ಬೀರುವಿನಲ್ಲಿದ್ದ ಟ್ಯಾಬುಗಳು

ನಮ್ಮ ಮನೆಯ ಟಿವಿ ರಿಮೋಟಿಗೆ ಇವತ್ತಿಗೂ ಪ್ಲಾಸ್ಟಿಕ್ ಕವರ್ ಇದೆ. ಕವರಿನ ಮೇಲಿಂದ ಒತ್ತಿ ಒತ್ತಿ ಬೆರಳು ನೋಯುತ್ತದೆ, ಆದರೂ ಅದನ್ನು ಬಿಚ್ಚಲು ನನಗೆ ಮನಸ್ಸು ಬಾರದು. ಮದುವೆಯಲ್ಲಿ ಬಂದ ಒಳ್ಳೆಯ ತಟ್ಟೆಗಳು ಅಟ್ಟದ ಮೇಲಿವೆ, ನಾವು ದಿನಾ ಉಣ್ಣುವುದು ಸೊಟ್ಟಗಾದವುಗಳಲ್ಲಿ. "ಒಳ್ಳೇದೆಲ್ಲಾ ಯಾರಿಗೋಸ್ಕರ ಎತ್ತಿಟ್ಟಿದ್ದೀಯಾ?" ಎಂದು ನನ್ನ ಗಂಡ ಹಂಗಿಸುತ್ತಾರೆ. ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಮನೆಯಲ್ಲಿ ಈ ಬುದ್ಧಿಯಿಂದ ಯಾರಿಗೂ ಅನ್ಯಾಯವಾಗಿಲ್ಲ. ಅದನ್ನೇ ಶಾಲೆಗೂ ಹೊತ್ತುಕೊಂಡು ಹೋದೆ ನೋಡಿ, ಕೆಟ್ಟದ್ದು ಅಲ್ಲಿ.

ಮಂಡಿಕಲ್ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಟೀಚರ್. ಚಿಕ್ಕಬಳ್ಳಾಪುರದಿಂದ ದಿನಾ ಬಸ್ಸಿನಲ್ಲಿ ಓಡಾಟ. ಕೊರೋನಾ ಕಾಲದಲ್ಲಿ ಆನ್‌ಲೈನ್ ಪಾಠ ಎಂದು ನಾವೆಲ್ಲ ಒದ್ದಾಡಿದೆವಲ್ಲ, ಅದು ಮುಗಿದ ಮೇಲೆ ಬೇರೆ ಬೇರೆ ದೇಶದ ಮೇಷ್ಟ್ರುಗಳ ಒಂದು ಗುಂಪಿಗೆ ಸೇರಿಕೊಂಡೆ. ಕೀನ್ಯಾ, ನೇಪಾಳ, ಯೂರೋಪಿನವರೂ ಇದ್ದರು. ಇಂಟರ್‌ನೆಟ್ ಇಲ್ಲದ ಕಡೆಯೂ ನಡೆಯುವಂಥ ಪಾಠಗಳನ್ನು ಒಟ್ಟಿಗೆ ತಯಾರಿಸುವುದು, ಆಮೇಲೆ ಅವರವರ ಭಾಷೆಗೆ ತಂದುಕೊಂಡು ಟ್ಯಾಬುಗಳಿಗೆ ತುಂಬಿ ಮಕ್ಕಳ ಕೈಗೆ ಕೊಡುವುದು ನಮ್ಮ ಕೆಲಸ. ದುಡ್ಡಿದ್ದವರ ಮಕ್ಕಳು ನೋಡಿ ಕಲಿಯುವುದನ್ನು ನಮ್ಮ ಮಕ್ಕಳೂ ನೋಡಲಿ ಎನ್ನುವ ಆಸೆ. ಕನ್ನಡದ ಪಾಠಗಳನ್ನೆಲ್ಲ ನಾನೇ ಮಾಡಿದೆ. ರಜೆಯಲ್ಲೂ ಕೂತು ಮಾಡಿದೆ. ಆ ಶ್ರಮದಲ್ಲಿ ಮೋಸವಿರಲಿಲ್ಲ.

ಯೂರೋಪಿನ ಟೀಚರೊಬ್ಬರು ಹತ್ತು ಹೊಸ ಟ್ಯಾಬುಗಳನ್ನು ಹೊಂದಿಸಿದರು. ಬೇಕಾಗಿದ್ದದ್ದು ಎರಡು ಶಾಲೆಗಳಿಗೆ, ನಮಗೆ ಮತ್ತು ಕೀನ್ಯಾದ ಶಾಲೆಗೆ. ಅಲ್ಲಿನ ಟೀಚರ್ ನನಗಿಂತ ವಯಸ್ಸಿನಲ್ಲಿ ದೊಡ್ಡವರು. ನನ್ನನ್ನು ಸಿಸ್ಟರ್ ಎನ್ನುತ್ತಿದ್ದರು, ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. "ನಮ್ಮ ಹತ್ತಿರ ಹಳೆಯವು ನಾಲ್ಕಿವೆ, ಹೇಗೋ ನಡೆಯುತ್ತೆ. ಹೊಸದೆಲ್ಲ ಸಿಸ್ಟರ್ ಮಕ್ಕಳಿಗೇ ಹೋಗಲಿ," ಎಂದುಬಿಟ್ಟರು. ಬೇಡ, ಅರ್ಧ ಅರ್ಧ ಹಂಚಿಕೊಳ್ಳೋಣ ಎಂದು ನಾನು ಬಾಯಿಮಾತಿಗೂ ಅನ್ನಲಿಲ್ಲ.

ಟ್ಯಾಬುಗಳು ಜೂನಿನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಬಂದವು. ಕನ್ನಡದ ಪಾಠಗಳನ್ನೆಲ್ಲ ಅವಕ್ಕೆ ತುಂಬಿದೆ. ಹೆಡ್‌ಮಾಸ್ಟರು ಬೀರುವಿನ ಬೀಗದ ಕೈ ನನಗೆ ಕೊಟ್ಟು, "ಮೇಡಂ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀವೇ ಉತ್ತರ ಹೇಳ್ಬೇಕಾಗುತ್ತೆ," ಎಂದರು. ತಪ್ಪನ್ನು ಅವರ ಮೇಲೆ ಹಾಕಿ ಜಾರಿಕೊಳ್ಳಬಹುದು. ಆದರೆ ಅವರು ಹೇಳದಿದ್ದರೂ ನಾನು ಬೀಗ ಹಾಕುತ್ತಿದ್ದೆ. ಆಯುಧಪೂಜೆಯ ದಿನ ಹೊರಗೆ ತೆಗೆದು, ಅರಿಶಿನ ಕುಂಕುಮ ಇಟ್ಟು, ಹೂವು ಏರಿಸಿ, ಫೋಟೋ ತೆಗೆದು ಗುಂಪಿಗೆ ಕಳಿಸಿ ಮತ್ತೆ ಒಳಗಿಟ್ಟೆ. ಗಾಜಿನ ಮೇಲಿನ ಹಾಳೆಯನ್ನು ಕೂಡ ಕಿತ್ತಿರಲಿಲ್ಲ.

ಹತ್ತನೇ ಕ್ಲಾಸಿನ ಒಬ್ಬ ಹುಡುಗಿಗೆ ಅವುಗಳ ಮೇಲೆ ಕಣ್ಣಿತ್ತು. ಅವಳ ಅಮ್ಮ ಸೇವಂತಿಗೆ ತೋಟಕ್ಕೆ ಕೂಲಿಗೆ ಹೋಗುತ್ತಿದ್ದರು. ಮನೆಯಲ್ಲಿದ್ದ ಒಂದೇ ದೊಡ್ಡ ಫೋನು ಅಣ್ಣನದು, ಅವನು ಕುಡುಮಲಕುಂಟೆಯ ಫ್ಯಾಕ್ಟರಿಗೆ ಹೊರಟರೆ ಫೋನೂ ಹೊರಟಿತು. ವಿಜ್ಞಾನವೆಂದರೆ ಪ್ರಾಣ ಅವಳಿಗೆ. ಆ ವರ್ಷ ಕಳೆದರೆ ಅವಳು ನಮ್ಮ ಶಾಲೆಯಲ್ಲೇ ಇರುತ್ತಿರಲಿಲ್ಲ.

"ಮಿಸ್, ಬ್ಯಾಟ್ರಿ ಪಾಠ ಒಂದ್ಸಲ ನೋಡ್ಲಾ? ಕೈ ತೊಳ್ಕೊಂಡ್ ಬರ್ತೀನಿ."

"ಈಗ ಬೇಡ ಕಣಮ್ಮ. ಇನ್‌ಸ್ಪೆಕ್ಷನ್ ಮುಗೀಲಿ. ನಿಮ್ ಕೈಗೆ ಕೊಟ್ರೆ ಹಾಳಾಗುತ್ತೆ."

ಇನ್‌ಸ್ಪೆಕ್ಷನ್ ಮುಗಿದ ಮೇಲೆ ಮತ್ತೆ ಬಂದಳು. ದಸರಾ ರಜೆ ಕಳೆದ ಮೇಲೂ ಬಂದಳು. ನಿಮ್ ಕೈಗೆ ಕೊಟ್ರೆ ಹಾಳಾಗುತ್ತೆ ಎಂದು ನಾನು ಅದನ್ನೇ ಹೇಳಿದೆ. ಆಮೇಲೆ ಕೇಳುವುದನ್ನೇ ಬಿಟ್ಟಳು. ಪೀಡೆ ತೊಲಗಿತು ಎಂದು ನನಗೆ ಹಾಯೆನಿಸಿತ್ತು, ಅದನ್ನು ಇಲ್ಲಿ ಬರೆಯುವಾಗ ಮೈ ಹಿಡಿಯಾಗುತ್ತದೆ. ಅದೇ ದಿನಗಳಲ್ಲಿ ಚಿಂತಾಮಣಿಯ ಒಂದು ಕಾರ್ಯಾಗಾರದಲ್ಲಿ ಮೈಕ್ ಹಿಡಿದು ಬಡಮಕ್ಕಳ ಡಿಜಿಟಲ್ ಶಿಕ್ಷಣದ ಬಗ್ಗೆ ಭಾಷಣ ಬಿಗಿದು, ಚಪ್ಪಾಳೆ ತೆಗೆದುಕೊಂಡು ಬಂದಿದ್ದೆ. ಬೀಗದ ಕೈ ನನ್ನ ವ್ಯಾನಿಟಿ ಬ್ಯಾಗಿನಲ್ಲೇ ಇತ್ತು.

ಗುಂಪಿನ ಮೀಟಿಂಗುಗಳಲ್ಲಿ ಅಕ್ಕ ತಮ್ಮ ಹಳೆಯ ಟ್ಯಾಬುಗಳನ್ನು ಎತ್ತಿ ತೋರಿಸುತ್ತಿದ್ದರು. ಒಂದರ ಗಾಜು ಒಡೆದಿತ್ತು, ಇನ್ನೊಂದರ ಮೂಲೆಗೆ ಟೇಪು ಸುತ್ತಿದ್ದರು. ಯಾವ ಮಗು ಬೀಳಿಸಿತು, ಹೇಗೆ ಬೀಳಿಸಿತು ಎಂದು ನಗುನಗುತ್ತಾ ಹೇಳುತ್ತಿದ್ದರು. ನೋಡುವಾಗ ನನಗೆ ಒಳಗೊಳಗೇ ಹೆಮ್ಮೆ. "ನಿಮ್ಮವು ಹೇಗಿವೆ ಸಿಸ್ಟರ್?" ಎಂದರೆ, "ಎಲ್ಲ ಹೊಸದರ ಹಾಗೇ ಇವೆ," ಎನ್ನುತ್ತಿದ್ದೆ. ಅವರು ಸಂತೋಷಪಡುತ್ತಿದ್ದರು.

ಜನವರಿಯಲ್ಲಿ ಎರಡೂ ಶಾಲೆಗಳಿಗೆ ಒಟ್ಟಿಗೆ ಒಂದು ಪಾಠ ಇಟ್ಟುಕೊಂಡೆವು. ಶನಿವಾರ ಬೆಳಿಗ್ಗೆ, ವಿಡಿಯೋ ಕಾಲಿನಲ್ಲಿ. ಎರಡೂ ಕಡೆಯ ಮಕ್ಕಳು ಟ್ಯಾಬಿನಲ್ಲಿ ಬ್ಯಾಟರಿಯ ಪಾಠ ನೋಡಿ, ನಿಂಬೆಹಣ್ಣಿನ ಪ್ರಯೋಗ ಮಾಡಿ, ಒಬ್ಬರನ್ನೊಬ್ಬರು ಪ್ರಶ್ನೆ ಕೇಳಬೇಕು. ನಮ್ಮ ಕಡೆಯಿಂದ ಮಾತಾಡಲು ಆ ಹುಡುಗಿಯನ್ನೇ ಆರಿಸಿದೆ. ವಾರವಿಡೀ ಇಂಗ್ಲಿಷ್ ವಾಕ್ಯಗಳನ್ನು ಬಾಯಿಪಾಠ ಮಾಡಿದಳು. ಅವತ್ತು ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿಕೊಂಡು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದಳು.

ನಾನು ಮಕ್ಕಳ ಮುಂದೆಯೇ ಬೀರು ತೆರೆದೆ. ಎರಡು ಟ್ಯಾಬುಗಳ ಬೆನ್ನು ಉಬ್ಬಿ ಬಿರುಕು ಬಿಟ್ಟಿತ್ತು. ಅವನ್ನು ಪಕ್ಕಕ್ಕಿಟ್ಟು ಉಳಿದವನ್ನು ಚಾರ್ಜಿಗೆ ಹಾಕಿದೆವು. ಮಕ್ಕಳು ಸುತ್ತ ನಿಂತು ಕಾದರು. ಒಂದೂ ಹೊತ್ತಿಕೊಳ್ಳಲಿಲ್ಲ. ಇಂಥ ಬ್ಯಾಟರಿ ಪೂರ್ತಿ ಖಾಲಿಯಾದ ಮೇಲೆ ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಸತ್ತುಹೋಗುತ್ತದೆ. ಗೊತ್ತಿಲ್ಲದೆ ಏನು, ಆ ಪಾಠ ಬರೆದವಳೇ ನಾನು. ಹಾಳಾಗಬಾರದು ಎಂದು ಜೋಪಾನ ಮಾಡಿ ಹತ್ತನ್ನೂ ಕೊಂದಿದ್ದೆ.

ಅಷ್ಟರಲ್ಲಿ ಕಾಲ್ ಬಂತು. ನನ್ನ ಫೋನನ್ನೇ ಮೇಜಿನ ಮೇಲೆ ಡಸ್ಟರಿಗೆ ಒರಗಿಸಿ ನಿಲ್ಲಿಸಿದೆ. ಅಕ್ಕ ನಗುತ್ತಾ, "ಟ್ಯಾಬುಗಳೆಲ್ಲಿ ಸಿಸ್ಟರ್?" ಎಂದರು.

"ಕರೆಂಟಿಲ್ಲ ಅಕ್ಕ, ಚಾರ್ಜ್ ಆಗಲಿಲ್ಲ," ಎಂದೆ.

ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಹಿಂದಿನ ಬೆಂಚಿನಿಂದ ಯಾರೋ ತೆಲುಗಿನಲ್ಲಿ, "ಕರೆಂಟು ಉಂದಿ ಕದಾ," ಎಂದದ್ದು ಕೇಳಿಸಿತು. ಇದೆಯಲ್ಲ ಕರೆಂಟು. ನನಗೆ ತಲೆ ಎತ್ತಲಾಗಲಿಲ್ಲ.

ಅಕ್ಕ ತಮ್ಮ ಮಕ್ಕಳ ಕಡೆ ತಿರುಗಿ ಅವರ ಭಾಷೆಯಲ್ಲಿ ಏನೋ ಹೇಳಿದರು. ಆ ಮಕ್ಕಳು ಟೇಪು ಸುತ್ತಿದ ಟ್ಯಾಬುಗಳನ್ನು ಒಂದೊಂದಾಗಿ ಬೋರಲು ಮಲಗಿಸಿದರು. "ನಿಮಗಿಲ್ಲದಾಗ ನಮಗೂ ಬೇಡ. ಬಾಯಲ್ಲೇ ಪಾಠ ಮಾಡೋಣ," ಎಂದರು ಅಕ್ಕ. ಆಗಲೇ ನಿಜ ಹೇಳಬಹುದಿತ್ತು. ಹೇಳಲಿಲ್ಲ.

ಕೊನೆಗೆ ಅಲ್ಲಿಯ ಒಬ್ಬಳು ಹುಡುಗಿ ನಮ್ಮವಳನ್ನು ಕೇಳಿದಳು, "ನಮಗೆ ಬರಬೇಕಾಗಿದ್ದ ಟ್ಯಾಬುಗಳನ್ನು ನಿಮಗೆ ಕೊಟ್ಟೆವಂತೆ. ಚೆನ್ನಾಗಿವೆಯಾ?"

ನಮ್ಮ ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ಫೋನಿನ ಕಡೆ ತಿರುಗಿ, ತಡವರಿಸದೆ, "ತುಂಬ ಚೆನ್ನಾಗಿವೆ. ನಾನು ದಿನಾ ಪಾಠ ನೋಡುತ್ತೇನೆ," ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆ ಕಡೆಯವರು ಚಪ್ಪಾಳೆ ತಟ್ಟಿದರು. ಬಾಯಿಪಾಠ ಮಾಡಿದ ವಾಕ್ಯಗಳಲ್ಲಿ ಇದು ಇರಲಿಲ್ಲ. ಬೇರೆ ದೇಶದವರ ಮುಂದೆ ಅವಳು ಸ್ವಂತವಾಗಿ ಆಡಿದ ಮೊದಲ ಮಾತು ನನ್ನ ಮಾನ ಉಳಿಸಲು ಹೇಳಿದ ಸುಳ್ಳಾಯಿತು.

ಭಾನುವಾರ ಅಕ್ಕನಿಗೆ ವಾಯ್ಸ್ ಮೆಸೇಜಿನಲ್ಲಿ ಎಲ್ಲ ಹೇಳಿಬಿಟ್ಟೆ. ಹೇಳುವಾಗ ಅಳು ಬಂತು. ಬಹಳ ಹೊತ್ತಿನ ಮೇಲೆ ಉತ್ತರ ಬಂತು: "ಗುಂಪಿನಲ್ಲಿ ನೀನೇ ಹೇಳು. ಅದಕ್ಕೆ ಮೊದಲು ಆ ಹುಡುಗಿಯ ಹತ್ತಿರ ಕ್ಷಮೆ ಕೇಳು." ಅದರಲ್ಲಿ ಸಿಸ್ಟರ್ ಎಂಬ ಮಾತಿರಲಿಲ್ಲ.

ಸೋಮವಾರ ಪ್ರಾರ್ಥನೆಗೆ ಮೊದಲು ಹುಡುಗಿಯನ್ನು ಸ್ಟಾಫ್ ರೂಮಿನ ಹೊರಗೆ ಕರೆದೆ. "ತಪ್ಪು ನಂದು ಕಣಮ್ಮ. ನೀನ್ ಕೇಳ್ದಾಗ್ಲೇ ಕೊಡ್ಬೇಕಿತ್ತು. ನನ್ನಿಂದ ನೀನು ಸುಳ್ಳು ಹೇಳೋ ಹಾಗಾಯ್ತು," ಎಂದೆ.

ಅವಳು ನಾಚಿಕೊಂಡು ಜಡೆಯ ತುದಿ ಹಿಡಿದುಕೊಂಡಳು. "ಅಯ್ಯೋ, ಬಿಡಿ ಮಿಸ್. ನಮ್ ಕೈಗ್ ಕೊಟ್ಟಿದ್ರೆ ಇನ್ನೂ ಬೇಗ ಹಾಳಾಗ್ಬಿಡ್ತಿತ್ತು."

ಕೊಂಕು ನುಡಿದಳೇನೋ ಎಂದು ಅವಳ ಮುಖ ನೋಡಿದೆ. ಕೊಂಕಾಗಿರಲಿ ಎಂದು ಆಸೆಪಟ್ಟೆ. ಆಗಿರಲಿಲ್ಲ. ನಾನು ವರ್ಷವಿಡೀ ಹೇಳಿದ್ದನ್ನು ಅವಳು ನಂಬಿಬಿಟ್ಟಿದ್ದಳು.