ಬಡಿದರೂ ನಿಲ್ಲದ ರೈಲು

ದುಬೈಯಲ್ಲಿ ದಿನವಿಡೀ ಅಂಗಡಿ ಅಂಗಡಿಗೆ ತಿಕೋಟಾದ ಒಣದ್ರಾಕ್ಷಿ ತೋರಿಸಿ ಸೋತುಹೋಗಿದ್ದೆ. ಸಂಜೆ ಡ್ರೈವರಿಲ್ಲದ ರೈಲು ಹತ್ತಿದ್ದೇ ತಡ, ಬಾಗಿಲು ಮುಚ್ಚಿಕೊಂಡಿತು. ಹಿಂದೆ ಬರುತ್ತಿದ್ದ ಹೆಂಡತಿ ಪ್ಲಾಟ್‌ಫಾರ್ಮಿನಲ್ಲೇ ಉಳಿದಳು. ಅವಳಿಗೆ ಕನ್ನಡ ಬಿಟ್ಟು ಬೇರೆ ಮಾತು ಬಾರದು, ಅವಳ ಫೋನು ನನ್ನ ಕಿಸೆಯಲ್ಲಿತ್ತು. ಹೋಗುವವರಿಗೆ ಹೇಳುತ್ತೇನೆ, ಅವರವರ ಫೋನು ಅವರವರ ಕೈಯಲ್ಲೇ ಇರಲಿ.

ವಿಜಯಪುರದ ಬಸ್ಸಿನಲ್ಲಿ ಬಡಿದಂತೆ ಡಬ್ಬಿಯ ಗೋಡೆ ಬಡಿದು, "ತಡೀರಿ ಡ್ರೈವರ್ ಸಾಹೇಬ್ರ, ನಮ್ಮ ಮನಿಯಾಕಿ ಉಳದಾಳ!" ಎಂದು ಕೂಗಿದೆ. ಡ್ರೈವರ್ ಇರಬೇಕಾದ ಜಾಗದಲ್ಲಿ ಅಜ್ಜಿಯೊಬ್ಬಳು ಆರಾಮಾಗಿ ಕೂತಿದ್ದಳು.

ಮುಂದಿನ ನಿಲ್ದಾಣದಲ್ಲಿ ಇಳಿದು ನಿಂತೆ. ಮೂರೇ ನಿಮಿಷಕ್ಕೆ ಇನ್ನೊಂದು ರೈಲು ಬಂತು, ಅವಳು ಇಳಿದಳು.

"ನೀವು ಇಲ್ಲೇ ಇಳೀತೀರಂತ ಗೊತ್ತಿತ್ತು. ಯಾಕ ಹಿಂಗ ಬೆವತೀರಿ? ಈ ರೈಲು ಖಾಲಿ ಇತ್ತು, ನಾ ಕುಂತ ಬಂದೆ."