ಮೂರನೇ ಬಾಗಿಲಿನ ರೊಟ್ಟಿ

ನಮ್ಮ ಆಯಿ, ಅಂದ್ರ ನಮ್ಮಪ್ಪನ ಅವ್ವ, ಕಂಪನಿ ನಾಟಕದಾಗ ಪಾರ್ಟು ಮಾಡ್ಯಾಳ ಅಂತ ಹೇಳಿದ್ರ ನನ್ನ ಮೊಮ್ಮಕ್ಕಳು ಬಾಯಿಗಿ ಕೈ ಹಿಡ್ಕೊಂಡು ನಗ್ತಾವ. ನಗಲಿ ಬಿಡ್ರಿ. ಅಕಿಗಿ ಅಕ್ಷರ ಬರ್ತಿದ್ದಿಲ್ಲ, ತಾಂಡೂರು ಬಿಟ್ಟು ಹೋದದ್ದೂ ಕಡಿಮಿ. ಆದ್ರೂ ನಾ ಹೇಳೋದು ಸುಳ್ಳಲ್ಲ. ಅಕಿ ಸಲುವಾಗಿ ಹುಟ್ಟಿದ ಹಾಡಿಗಿ ವನ್ಸ್ ಮೋರ್ ಬಿದ್ದದ, ಮುಂದಿನ ಕುರ್ಚಿದಾಗ ಕುಂತ ಅಮೀನ ಸಾಹೇಬರೇ ಕೈ ತಟ್ಯಾರ.

ಅದು ನಿಜಾಮರ ಕಾಲ. ಕಚೇರಿದಾಗ ಉರ್ದು, ಸಾಲಿದಾಗ ಉರ್ದು, ಬಜಾರದಾಗ ತೆಲುಗು. ಕನ್ನಡ ಅಂದ್ರ ನಮಗ ಒಲಿ ಮುಂದಿನ ಮಾತು, ಬೀಸುಕಲ್ಲಿನ ಹಾಡು, ಅಷ್ಟೇ. ಅಂಥಾದ್ರಾಗ ಧಾರವಾಡದ ಕಡಿಂದ ಒಂದು ನಾಟಕ ಕಂಪನಿ ಪರದಾ, ಪೆಟ್ಟಿಗಿ, ಹಾರ್ಮೋನಿಯಂ ಎಲ್ಲಾ ರೈಲಿಗಿ ಹೇರ್ಕೊಂಡು ಬಂದು ತಾಂಡೂರ ಟೇಶನ್ನಿನಾಗ ಇಳೀತು. ಇಡೀ ಕಥಿ ಕನ್ನಡದ ಹಾಡಿನಾಗೇ ಹೇಳ್ತಾರಂತ ಅಂತ ಸುದ್ದಿ ಹಬ್ಬಿದ್ದೇ ತಡ, ಊರಿಗಿ ಹುಚ್ಚು ಹಿಡದಂಗ ಆತು.

ಆದ್ರ ಆಡಾಕ ಇಜಾಜತ್ ಬೇಕಲ್ಲ. ಆಗ ನಾಕು ಮಂದಿ ಕೂಡಬೇಕಂದ್ರೂ ಸರ್ಕಾರದ ಪರವಾನಗಿ ಕೇಳೋ ಕಾಲ. ನಮ್ಮಪ್ಪಂದು ಬಜಾರದಾಗ ಬ್ಯಾಳಿ ದುಕಾನ. ಉರ್ದು ಮುತ್ತಿನಂಗ ಬರೀತಿದ್ದ. ಕಂಪನಿ ಮಾಲಕ ಅವನ ಹತ್ರಾನೇ ಬಂದ. ಅಪ್ಪ ದರಖಾಸ್ತು ಬರದು ತಾನೇ ಒಯ್ದು ಪೊಲೀಸ್ ಅಮೀನ ಸಾಹೇಬರ ಮುಂದ ನಿಂತ. ಅವರು ಕೆಟ್ಟವರೇನಲ್ಲ, ಆದ್ರ ಕಾನೂನು ಅಂದ್ರ ಕಾನೂನು. ಗದ್ದಲ ಆಗಬಾರದು, ನೋಡಾಕ ಬಂದವರು ಒಬ್ರೂ ಸ್ಟೇಜಿನ ಹತ್ರ ಸುಳೀಬಾರದು, ಸುಳದ್ರ ಅವತ್ತೇ ಡೇರೆ ಕೀಳಸ್ತೀನಿ ಅಂದ್ರು. ಇದಕ್ಕ ಜಾಮೀನು ಯಾರು ಅಂತ ಕೇಳಿದ್ರು. ಅಪ್ಪ ತಾನೇ ಸಹಿ ಮಾಡಿ ಬಂದ. ಮನಿಗಿ ಬಂದವನೇ ನಮ್ಮನ್ನೆಲ್ಲಾ ಮುಂದ ಕುಂಡ್ರಿಸ್ಕೊಂಡು, ನನ್ನ ಮಾನ ಆ ಕಾಗದದ ಮ್ಯಾಲದ, ಕುಂತಲ್ಲಿಂದ ಯಾರೂ ಏಳಬ್ಯಾಡ್ರಿ ಅಂತ ಹೇಳಿದ. ಎಲ್ಲಾರಕಿಂತ ಮೊದಲ ಹೂಂ ಅಂದಾಕಿ ಆಯಿ.

ಆದ್ರ ಆಯಿದು ಒಂದು ನೇಮ ಇತ್ತು. ನಾವು ಲಿಂಗಾಯತರು. ಜಂಗಮರು ಭಿಕ್ಷಾಕ್ಕ ಬಾಗಿಲಿಗಿ ಬಂದ್ರಂದ್ರ ನಮಗ ಶಿವನೇ ಬಂದಂಗ. ಅವರ ಕಾಲಿಗಿ ಕಟ್ಟಿದ ಗಂಟಿ ಸಪ್ಪಳ ಓಣಿಯ ಆ ತುದಿಗಿ ಕೇಳಿಸಿದ್ರ ಸಾಕು, ಆಯಿ ಕೈಯಾಗಿನ ಕೆಲಸ ಅಲ್ಲೇ ಒಗದು ರೊಟ್ಟಿ ಹಿಡ್ಕೊಂಡು ಹೊಚ್ಚಲಕ್ಕ ಓಡ್ತಿದ್ದಳು. ಒಮ್ಮೆ ಅರ್ಧ ಎರಕೊಂಡ ತಲಿ, ನೀರು ಸುರೀಲಿಕ್ಕತ್ತಿದ್ರೂ ಹಂಗೇ ಬಂದು ನೀಡಿದ್ದಳು. 'ಮುಂದಿನ ಮನಿಗಿ ದಯಮಾಡಸ್ರಿ' ಅನ್ನೋ ಮಾತು ನನ್ನ ಬಾಯಾಗ ಒಮ್ಮೆನೂ ಬಂದಿಲ್ಲ ಅಂತ ಜಂಬ ಬ್ಯಾರೆ. ನೂರು ತಪ್ಪು ಮಾಡಿದ್ರೂ ಈ ಒಂದರಾಗ ತಾ ಶಿವನ ಮುಂದ ತಲಿ ಎತ್ತಿ ನಿಂದರ್ತೀನಿ ಅಂತಿದ್ದಳು.

ನಾಟಕಕ್ಕ ದೀಪ ಹಚ್ಚೂ ಹೊತ್ತಿಗೇ ಹೋದ್ವಿ. ಆಯಿ ಉಡ್ಯಾಗ ಬುತ್ತಿ ಕಟ್ಟಿಕೊಂಡಿದ್ದಳು, ಜ್ವಾಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಶ್ರೀಶೈಲಕ್ಕ ಹೊಂಟೀರೇನು ಅತ್ತಿ ಅಂತ ನಮ್ಮವ್ವ ಕಾಡಿಸಿದಳು. ಹೆಂಗಸರಿಗಿ ಸ್ಟೇಜಿನ ಎಡಕ್ಕ, ಮುಂದೇ, ಒಂದು ಪರದಾ ಕಟ್ಟಿ ಜಾಗಾ ಮಾಡಿದ್ರು. ಗ್ಯಾಸ್ ಬತ್ತಿ ಹಚ್ಚಿದ್ರು, ಹಾರ್ಮೋನಿಯಂ ದನಿ ಎದ್ದಿತು, ಮೊದಲನೇ ಹಾಡು ಸುರು ಆತು. ನನಗ ಆಗ ಹನ್ನೊಂದು ವರ್ಷ. ನಮ್ಮ ಮಾತು ಅಷ್ಟು ದೊಡ್ಡ ದನಿಲೆ ಬಜಾರದ ನಡುವ ನಾ ಎಂದೂ ಕೇಳಿದ್ದಿಲ್ಲ. ಎದಿ ಉಬ್ಬಿತು, ಖರೇನೇ ಹೇಳ್ತೀನಿ, ಕಣ್ಣಾಗ ನೀರು ಬಂತು.

ಕಥಿ ಇಷ್ಟೇ. ಶಿವ ಜಂಗಮನ ವೇಷದಾಗ ಒಂದು ಊರಿಗಿ ಬರ್ತಾನ. ಮೂರು ಸಾವಕಾರರ ಮನಿ ಬಾಗಿಲದಾಗ ಬೇಡ್ತಾನ, ಮೂವರೂ ಇಲ್ಲ ಅಂತಾರ. ನಾಕನೇದು ಒಬ್ಬ ಬಡವಿ ಗುಡಿಸಲ, ಅಕಿ ಇದ್ದೊಂದು ರೊಟ್ಟಿ ಕೊಟ್ಟು ಉದ್ಧಾರ ಆಗ್ತಾಳ. ಜಂಗಮನ ಪಾರ್ಟಿನವ ಕಾಲಾಗ ಗಂಟಿ ಕಟ್ಟಿಕೊಂಡು, ಕೋರಾನ್ನ ಭಿಕ್ಷಾ ಅಂತ ರಾಗ ತಗದು ಬಂದ. ಮೊದಲನೇ ಮನಿಯಾಕಿ ಮುಂದಕ ಹೋಗು ಅಂದಳು. ಆಯಿ ಕುಂತಲ್ಲೇ ಮಿಸುಕಾಡಿದಳು. ಎರಡನೇದಾಕಿ ಬಾಗಿಲು ಹಾಕ್ಕೊಂಡಳು. ಆಯಿ ಕೈ ಉಡಿಗಿ ಹೋತು. ಮೂರನೇ ಬಾಗಿಲು ಮುಚ್ಚೋದ್ರಾಗ ನನ್ನ ಬಾಜೂಕ ಜಾಗಾ ಖಾಲಿ. ನೋಡ್ತೀನಿ, ಆಯಿ ಪರದಾ ಎತ್ತಿ, ಅಷ್ಟು ಗಂಡಸರ ಮುಂದ ಹಾದು, ಸ್ಟೇಜಿನ ಮೆಟ್ಟಲ ಏರ್ಯಾಳ!

"ಮೂರು ಬಾಗಿಲು ತಿರಗೀರಿ ಅಯ್ಯನವರ, ಹಸದೀರಿ. ನೀಡಸ್ಕೋರಿ," ಅಂದಳು.

ಹಾರ್ಮೋನಿಯಂ ನಿಂತಿತು. ಅಕಿ ಮೂರನೇ ಬಾಗಿಲಕ್ಕೇ ಭಿಕ್ಷಾ ನೀಡಿದ್ರ ನಾಕನೇ ಮನಿ ಬಡವಿ ಏನು ಮಾಡಬೇಕು? ಕಥಿನೇ ಮುರದು ಬಿತ್ತು. ಜಂಗಮ ಕಣ್ಣು ಬಿಟ್ಟು ನಿಂತ. ಹಿಂದ ಮಂದಿ ಕಿಸಕ್ಕಂತು. ನನ್ನ ಮಗ್ಗಲದಾಗ ಕುಂತ ಪಟೇಲರ ಮನಿಯಾಕಿ ನನ್ನ ಕಡಿ ಬಗ್ಗಿ, "ಯಾರ ಮನಿ ಮುದುಕಿನ ಇದು?" ಅಂತ ಕೇಳಿದಳು.

"ಗೊತ್ತಿಲ್ರಿ," ಅಂದೆ ನಾ.

ಹೌದು, ಅಂದೆ. ನನ್ನನ್ನ ತೊಡಿ ಮ್ಯಾಲ ಹಾಕ್ಕೊಂಡು ಬೆಳಸಿದಾಕಿ ಗುರ್ತಿಲ್ಲ ಅಂದೆ.

ಅಷ್ಟೊತ್ತಿಗಿ ಅಮೀನ ಸಾಹೇಬರು ಎದ್ದು ನಿಂತಿದ್ರು, ಸೀಟಿ ಕೈಯಾಗ. ಹಿಂದ ನಿಂತಿದ್ದ ಅಪ್ಪನ ಕಡಿ ಹೊಳ್ಳಿ, ಇದು ನಾಟಕದಾಗ ಅದ ಏನು ಅಂತ ಉರ್ದುದಾಗ ಕೇಳಿದ್ರು. ಹೌದು ಹುಜೂರ್ ಅಂದಿದ್ರ ಮುಗೀತಿತ್ತು. ಅವರಿಗೇನು ಕನ್ನಡ ಬರ್ತಿತ್ತೇನು? ಕಂಪನಿ ಉಳೀತಿತ್ತು, ಜಾಮೀನೂ ಉಳೀತಿತ್ತು. ಕಂಪನಿ ಮಾಲಕ ಸೈಡಿಗಿ ನಿಂತು ಹೌದನ್ರಿ ಹೌದನ್ರಿ ಅಂತ ಕೈ ಮಾಡ್ಲಿಕ್ಕತ್ತಿದ್ದ. ಅಪ್ಪ ತಲಿ ಮ್ಯಾಲಿನ ಟೊಪಗಿ ಸರಿ ಮಾಡ್ಕೊಂಡ.

"ಇಲ್ಲ ಹುಜೂರ್. ನಾಟಕದಾಗ ಇಲ್ಲ. ಅಕಿ ನಮ್ಮವ್ವ."

ಆ ಮಾತು ಎಲ್ಲಾರಿಗೂ ಕೇಳಿಸ್ತು. ಪಟೇಲರ ಮನಿಯಾಕಿ ನನ್ನ ಮಾರಿ ನೋಡಿದಳು. ನಾ ನೆಲಾ ನೋಡಿದೆ.

ಅಮೀನರು ಏನಂತಿದ್ರೋ. ಅದ್ರಾಗ ಸ್ಟೇಜಿನ ಮ್ಯಾಲ ಜಂಗಮ ಜೋಳಿಗಿ ಬಿಚ್ಚಿ ಹಿಡದ. ಶಿವನ ಪಾರ್ಟು ಮಾಡೋ ದಿನ ಆ ಕಂಪನಿಯವರು ಬಣ್ಣ ತೊಳೆಯೂ ತನಕ ಉಪಾಸ ಇರ್ತಿದ್ರಂತ. ಅದು ನಮಗ ಮುಂದ ಗೊತ್ತಾದದ್ದು. ಆಯಿ ನೀಡಿದ ರೊಟ್ಟಿ ಕಣ್ಣಿಗಿ ಒತ್ತಿಕೊಂಡ, ಮುಚ್ಚಿದ್ದ ಮೂರನೇ ಬಾಗಿಲಿನ ಕಡಿ ಹೊಳ್ಳಿದ, ಅಲ್ಲೇ ನಿಂತು ಹೊಸಾ ನುಡಿ ಕಟ್ಟಿ ಹಾಡಿದ. ಬಾಗಿಲಿದ್ದ ಮನಿಯವರು ಇಲ್ಲ ಅಂದ್ರು, ಬಾಗಿಲಿಲ್ಲದ ಕಡಿಂದ ರೊಟ್ಟಿ ಬಂತು ಅನ್ನೋ ಅರ್ಥದ ಹಾಡು. ಹಾರ್ಮೋನಿಯಂ ಮಾಸ್ತರ ಓಡಿ ಬಂದಂಗ ಅವನ ದನಿ ಹಿಡದ. ಮುಗಿಯೋದ್ರಾಗ ಮಂದಿ ಎದ್ದು ನಿಂತು ವನ್ಸ್ ಮೋರ್, ವನ್ಸ್ ಮೋರ್ ಅಂತ ಡೇರೆ ಹಾರಸ್ತು. ಆಯಿ ಮಾತ್ರ ಶರಣು ಮಾಡಿ, ಸೆರಗು ಸರಿ ಮಾಡ್ಕೊಂಡು ಇಳದು ಬಂದಳು.

ಅಮೀನರು ಅಪ್ಪನ್ನ ಕರದು ಹಾಡಿನ ಅರ್ಥ ಕೇಳಿದ್ರು. ಕೇಳಿ ಕುಂತ್ರು. ಶರ್ತ ಮುರದದ್ದು ಖರೇ, ಆದ್ರ ನೀ ಸುಳ್ಳು ಹೇಳಲಿಲ್ಲ, ನಾಟಕ ನಡೀಲಿ ಅಂದ್ರು. ಆಮ್ಯಾಲ ತಾವೇ ಕೈ ತಟ್ಟಿ, ಇನ್ನೊಮ್ಮೆ ಹಾಡು ಅಂದ್ರು.

ಮನಿಗಿ ಬರೋವಾಗ ಅಪ್ಪ ಒಂದು ಮಾತೂ ಬೈಲಿಲ್ಲ. ಅವ್ವನೇ, ಅದು ನಾಟಕ ಅಂತ ನಿಮಗ ತಿಳೀಲಿಲ್ಲೇನು ಅತ್ತಿ ಅಂದಳು.

"ನಾಟಕ ಅಂತ ಗೊತ್ತಿತ್ತವ್ವ," ಅಂದಳು ಆಯಿ. "ಗಂಟಿ ಖರೇದಿತ್ತಲ್ಲ."

ನಾ ಅಕಿ ಕೈ ಹಿಡ್ಕೊಂಡೇ ನಡದೆ. ನಾ ಅಂದದ್ದು ಅಕಿಗಿ ಹೇಳಲಿಲ್ಲ. ಮುಂದಿನ ವರ್ಷ ಅಕಿ ಲಿಂಗೈಕ್ಯಳಾದಳು. ಹೇಳೋದು ಹಂಗೇ ಉಳೀತು.

ಲಗ್ನ ಆಗಿ ನಾ ಜಹೀರಾಬಾದಿಗಿ ಬಂದೆ. ಎರಡು ವರ್ಷಕ್ಕ ಅದೇ ಕಂಪನಿ ಅಲ್ಲಿಗೂ ಬಂತು. ಅತ್ತಿನ್ನ ಕರ್ಕೊಂಡು ಹೋದೆ. ಅದೇ ಗಂಟಿ, ಅದೇ ಹಾಡು. ಮೂರನೇ ಬಾಗಿಲು ಮುಚ್ಚಿದ ಕೂಡಲೇ ನಮ್ಮ ಹೆಂಗಸರ ಪರದಾದಿಂದನೇ ಒಬ್ಬ ಮುದುಕಿ ಎದ್ದು, ರೊಟ್ಟಿ ಹಿಡ್ಕೊಂಡು ಮೆಟ್ಟಲ ಏರಿದಳು. ನಾ ಕುತಗಿ ಚಾಚಿ ನೋಡಿದೆ. ಅಕಿ ಕಂಪನಿಯಾಕಿನೇ. ಮೊದಲೇ ಬಂದು ನಮ್ಮ ನಡುವ ಕುಂತಿದ್ದಳು. ತಾಂಡೂರಿನ ಆ ರಾತ್ರಿಯಿಂದ ಕಂಪನಿಯವರು ನಮ್ಮ ಆಯಿನ್ನ ನಾಟಕದಾಗೇ ಇಟ್ಟುಕೊಂಡಿದ್ರು, ಊರೂರಿಗೂ ಒಯ್ದಿದ್ರು.

ಅತ್ತಿಗಿ ಇದೇನು ಗೊತ್ತು? ನನ್ನ ರಟ್ಟಿ ಹಿಡದು, "ಅಯ್ಯ ಶಿವನ, ಯಾರ ಮನಿ ಮುದುಕಿನ ಇದು?" ಅಂದಳು.

"ಅತ್ತಿ, ಅಕಿ ನಮ್ಮಾಯಿ," ಅಂದೆ.

ಪರದಾದ ಆಚಿನ ಗಂಡಸರೂ ಹೊಳ್ಳಿ ನೋಡಿದ್ರು. ಅವರಿಗೂ ಕೇಳಲಿ ಅಂತೇ ಅಷ್ಟು ಜೋರಾಗಿ ಅಂದಿದ್ದೆ.